ಕ್ಯಾಸೆಟ್ಟಿಗೆ ವಯಸ್ಸಾಗುವುದಿಲ್ಲ

ಊರು ಬಿಟ್ಟು ಬಂದವರು ಜತೆಗೆ ಏನೇನು ತರುತ್ತಾರೆ ಅಂತ ಪಟ್ಟಿ ಮಾಡಿದರೆ ಅದರಲ್ಲಿ ಉಪ್ಪಿನಕಾಯಿ ಭರಣಿ, ಮನೆದೇವರ ಪಟ, ಒಂಟಿಕೊಪ್ಪಲ್ ಪಂಚಾಂಗ, ಮತ್ತು ನಮ್ಮ ತಲೆಮಾರಿನವರಾದರೆ ಒಂದು ಡಬ್ಬಿ ತುಂಬ ಕ್ಯಾಸೆಟ್ಟುಗಳು ಇದ್ದೇ ಇರುತ್ತವೆ. ಉಪ್ಪಿನಕಾಯಿ ಆರು ತಿಂಗಳಿಗೆ ಖಾಲಿ. ಪಂಚಾಂಗ ಮುಂದಿನ ಯುಗಾದಿಗೆ ಹಳತು. ಪಟದ ಗಾಜೂ ಒಂದು ದಿನ ಒಡೆಯುತ್ತದೆ. ಕ್ಯಾಸೆಟ್ಟಿನ ಟೇಪು ಸಿಕ್ಕಿಹಾಕಿಕೊಂಡು ಪೆನ್ಸಿಲ್ಲಿನಿಂದ ತಿರುಗಿಸಿ ಸರಿಮಾಡಿದ್ದುಂಟು, ಆದರೆ ಅದರೊಳಗೆ ಹಾಡುವವರಿಗೆ ಮಾತ್ರ ಒಂದು ದಿನವೂ ವಯಸ್ಸಾಗುವುದಿಲ್ಲ. 1986ರಲ್ಲಿ ನಾನು ಚಿತ್ರದುರ್ಗ ಬಿಟ್ಟು ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ಬಂದಾಗ ಅಂಥದೊಂದು ಡಬ್ಬಿ ತಂದಿದ್ದೆ. ಈ ಲೇಖನ ಆ ಡಬ್ಬಿಯಲ್ಲಿದ್ದ ದನಿಗಳ ಬಗ್ಗೆ, ಮತ್ತು ಅವುಗಳಲ್ಲಿ ಒಂದನ್ನು ಬಹಳ ತಡವಾಗಿ ಎದುರಿಗೆ ಕೂತು ಕೇಳಿದ್ದರ ಬಗ್ಗೆ.

ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ‘ಹಂಸಗೀತೆ’. ಅಂಗಡಿಯವನಿಗೆ ದುಡ್ಡು ಕೊಟ್ಟು ರೆಕಾರ್ಡಿನಿಂದ ತುಂಬಿಸಿಕೊಂಡದ್ದು. ತ.ರಾ.ಸು. ಅವರ ಕಾದಂಬರಿಯನ್ನು ಇಟ್ಟುಕೊಂಡು ಜಿ.ವಿ. ಅಯ್ಯರ್ 1975ರಲ್ಲಿ ಮಾಡಿದ ಚಿತ್ರ. ಭೈರವಿ ವೆಂಕಟಸುಬ್ಬಯ್ಯನ ಪಾತ್ರ ಅನಂತನಾಗ್ ಅವರದು, ಹಾಡುಗಾರಿಕೆ ಮಂಗಳಂಪಲ್ಲಿ ಬಾಲಮುರಳಿಕೃಷ್ಣ ಅವರದು. ಆ ಹಾಡುಗಾರಿಕೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ದುರ್ಗದವರಾದ ನಮಗೆ ಕಥೆ ನಮ್ಮೂರಿನದು. ಹೀಗಾಗಿ ಆ ದನಿಯೂ ನಮ್ಮೂರಿನದೇ ಅನ್ನಿಸಿಬಿಟ್ಟಿತ್ತು. ಕೋಟೆಯ ಕಲ್ಲಿಗೆ ಬಾಯಿ ಬಂದಿದ್ದರೆ ಹೀಗೇ ಹಾಡುತ್ತಿತ್ತೇನೋ ಅಂತ ನಾವು ಹುಡುಗರು ಮಾತಾಡಿಕೊಂಡದ್ದುಂಟು.

ಉಕ್ಕುನಗರಂನ ಕ್ವಾರ್ಟರ್ಸಿಗೆ ಬಂದ ಹೊಸತರಲ್ಲಿ ಒಂದು ಭಾನುವಾರ ಅದನ್ನು ಹಾಕಿಕೊಂಡು ಕೂತಿದ್ದಾಗ ಪಕ್ಕದ ಮನೆಯ ಮೇಷ್ಟ್ರು, ವಿಜಯನಗರಂ ಕಡೆಯ ತೆಲುಗರು, ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು. ಆಮೇಲೆ ನಗುತ್ತಾ, “ಏಮಂಡೀ, ನಮ್ಮ ಗೋದಾವರಿ ನೀರನ್ನು ನೀವು ಬಾಟಲಿಯಲ್ಲಿ ಹಾಕಿ ಇಲ್ಲಿಗೇ ತಂದಿದ್ದೀರಲ್ಲ” ಅಂದರು. ಅವರು ಹೇಳಿದ್ದು ಸರಿಯೇ. ಬಾಲಮುರಳಿ ಹುಟ್ಟಿದ್ದು 1930ರಲ್ಲಿ, ಪೂರ್ವ ಗೋದಾವರಿ ಜಿಲ್ಲೆಯ ಶಂಕರಗುಪ್ತಂನಲ್ಲಿ. ನಮ್ಮ ಕಿವಿಯಲ್ಲಿ ‘ಕನ್ನಡ’ ಎಂದು ಗಟ್ಟಿಯಾಗಿ ಕೂತಿರುವ ದನಿಗಳ ಲೆಕ್ಕ ಹಾಕಿದರೆ ಇನ್ನೂ ತಮಾಷೆಯಾಗಿದೆ. ರಾಜಕುಮಾರರಿಗೆ ಎಷ್ಟೋ ವರ್ಷ ತೆರೆಯ ಮೇಲೆ ಹಾಡಿದ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ಎಸ್. ಜಾನಕಿ ಗುಂಟೂರು ಜಿಲ್ಲೆಯವರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರು ಕಡೆಯವರು. ರಜೆ ಮುಗಿಸಿ ಬೆಂಗಳೂರಿನಿಂದ ಪ್ರಶಾಂತಿ ಎಕ್ಸ್‌ಪ್ರೆಸ್ಸಿನಲ್ಲಿ ವಾಪಸು ಬರುವಾಗ ಗುಂಟೂರು, ವಿಜಯವಾಡ, ರಾಜಮಂಡ್ರಿ ಒಂದೊಂದಾಗಿ ದಾಟುತ್ತಿದ್ದರೆ ಊರಿನಿಂದ ದೂರ ಹೋಗುತ್ತಿದ್ದೇನೋ, ಊರಿನ ದನಿಗಳು ಹುಟ್ಟಿದ ಜಾಗಕ್ಕೆ ಹೋಗುತ್ತಿದ್ದೇನೋ ತಿಳಿಯುತ್ತಿರಲಿಲ್ಲ.

ಇದರಲ್ಲಿ ವಿಜಯವಾಡಕ್ಕೆ ಒಂದು ವಿಶೇಷ ಸ್ಥಾನವಿದೆ. ಬಾಲಮುರಳಿಯವರ ಗುರು ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು ಇದ್ದದ್ದು ಅಲ್ಲಿ. ಪಂತುಲು ಅವರ ಗುರು ಸುಸರ್ಲ ದಕ್ಷಿಣಾಮೂರ್ತಿ ಶಾಸ್ತ್ರಿ. ಅವರ ಗುರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್. ಅವರು ಸಾಕ್ಷಾತ್ ತ್ಯಾಗರಾಜರ ಶಿಷ್ಯರು. ಎಂಟನೆಯ ವಯಸ್ಸಿಗೇ ಆ ಹುಡುಗ ವಿಜಯವಾಡದ ತ್ಯಾಗರಾಜ ಆರಾಧನೆಯಲ್ಲಿ ಪೂರ್ಣ ಕಛೇರಿ ಮಾಡಿದ. ಬರೀ ಮುರಳಿಕೃಷ್ಣ ಎಂದಿದ್ದ ಹೆಸರಿಗೆ ಮುಂದೆ ‘ಬಾಲ’ ಸೇರಿತು. 1948ರಲ್ಲಿ ಶುರುವಾದ ವಿಜಯವಾಡ ಆಕಾಶವಾಣಿಯಲ್ಲಿ ಕೆಲಸ ಮಾಡಿ ‘ಭಕ್ತಿರಂಜನಿ’ಯನ್ನು ಮನೆಮನೆಗೆ ತಲುಪಿಸಿದವರೂ, ಅಲ್ಲಿಯ ಸರಕಾರಿ ಸಂಗೀತ ಕಾಲೇಜಿಗೆ ಮೊದಲ ಪ್ರಿನ್ಸಿಪಾಲರಾಗಿದ್ದವರೂ ಅವರೇ. ಬೆಜವಾಡದ ಹಳಬರು ಇವತ್ತಿಗೂ ಅವರ ಮಾತು ಬಂದರೆ ಪಕ್ಕದ ಬೀದಿಯವರ ಸುದ್ದಿ ಹೇಳುವಂತೆ ಹೇಳುತ್ತಾರೆ. ಒಟ್ಟಿನಲ್ಲಿ ಕಛೇರಿ ಕೇಳಲು ವಿಜಯವಾಡಕ್ಕೆ ಹೋಗುವುದು ಅಂದರೆ ಸುಮ್ಮನೆ ಒಂದು ಹಾಲಿಗೆ ಹೋದಂತಲ್ಲ. ಅಲ್ಲಿಯ ಜನಕ್ಕೆ ಕಿವಿ ಇದೆ ಅಂತ ನಂಬಿಕೊಂಡೇ ಹೋಗುತ್ತೇವೆ.

ಹಾಗೆ ನಂಬಿಕೊಂಡು ನಾನೂ ನನ್ನ ಹೆಂಡತಿಯೂ ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲದಲ್ಲಿ ಹೋದೆವು. ಹಾಡುವವರು ಬಾಲಮುರಳಿ ಅಲ್ಲ, ಇಷ್ಟು ಮೊದಲೇ ಹೇಳಿಬಿಡುತ್ತೇನೆ. ನನ್ನ ಡಬ್ಬಿಯಲ್ಲೇ ಇದ್ದ ಇನ್ನೊಬ್ಬ ದೊಡ್ಡ ಗಾಯಕರು. ಹೆಸರು ಬೇಡ. ಹೆಸರು ಬರೆದರೆ ಚರ್ಚೆ ಅವರ ಪರ, ವಿರೋಧ ಅಂತ ಶುರುವಾಗಿ ನಾನು ಹೇಳಬೇಕಾದದ್ದು ಅಲ್ಲೇ ಉಳಿದುಹೋಗುತ್ತದೆ. ಎಪ್ಪತ್ತೈದು ದಾಟಿದವರು. ಅವರ ತೋಡಿಯನ್ನು ಎಷ್ಟು ಸಲ ಕೇಳಿದ್ದೆ ಅಂದರೆ ಮೂರನೇ ಸಂಗತಿ ಮುಗಿದ ಮೇಲೆ ಅವರು ಉಸಿರೆಳೆದುಕೊಳ್ಳುವ ಸದ್ದು ಕೂಡ ನನಗೆ ಬಾಯಿಪಾಠ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಎದುರಿಗೆ ಕೂತು ಕೇಳುವ ಯೋಗ ಬಂದಿರಲಿಲ್ಲ. ಮೈಲಾಪುರಕ್ಕೆ ಹೋಗುವಷ್ಟು ರಜೆ ಸಿಗುತ್ತಿರಲಿಲ್ಲ, ವಿಶಾಖಪಟ್ಟಣಕ್ಕೆ ಅವರು ಬಂದಾಗ ನನಗೆ ನೈಟ್ ಶಿಫ್ಟು.

ಆ ಸಂಜೆ ಏನಾಯಿತು ಅಂತ ಸ್ವಲ್ಪ ವಿವರವಾಗಿಯೇ ಹೇಳಬೇಕು. ‘ಚೆನ್ನಾಗಿರಲಿಲ್ಲ’ ಅಂದುಬಿಟ್ಟರೆ ಅದು ವಿಮರ್ಶೆ ಆಗುವುದಿಲ್ಲ.

ಮೊದಲನೆಯದು ಶ್ರುತಿ. ನಲವತ್ತು ವರ್ಷದ ಹಿಂದೆ ಯಾವ ಮನೆಯಲ್ಲಿ ಹಾಡುತ್ತಿದ್ದರೋ ಅದೇ ಮನೆ. ವರ್ಣದಲ್ಲೇ ತಾರಷಡ್ಜದ ಹತ್ತಿರ ಹೋದಾಗ ದನಿ ಒಡೆಯಿತು. ಎರಡನೆಯ ಸಲ ಆ ಜಾಗ ಬಂದಾಗ ಹಾಡುವುದನ್ನು ಬಿಟ್ಟು ಕೈಯನ್ನು ಮೇಲಕ್ಕೆತ್ತಿ ಸಭೆಯ ಕಡೆ ತೋರಿಸಿದರು. ಸಭೆ ಚಪ್ಪಾಳೆ ಹೊಡೆಯಿತು. ಆಮೇಲೆ ಸಂಜೆಯಿಡೀ ಅದೇ ಉಪಾಯ. ಸ್ವರ ಇರಬೇಕಾದಲ್ಲಿ ಕೈ, ಕೈಗೆ ಚಪ್ಪಾಳೆ.

ಎರಡನೆಯದು ಪಕ್ಕವಾದ್ಯ. ಪಿಟೀಲಿನವರು ಚಿಕ್ಕ ವಯಸ್ಸಿನವರು, ಬಹಳ ಸೂಕ್ಷ್ಮ. ಗಾಯಕರು ಬಿಟ್ಟ ಜಾಗಗಳನ್ನು ತುಂಬುತ್ತಾ, ಜಾರಿದ ಗಾಂಧಾರವನ್ನು ಮೆಲ್ಲಗೆ ಸರಿಯಾದ ಕಡೆ ಕೂರಿಸುತ್ತಾ ಇದ್ದರು. ರಾಗಾಲಾಪನೆಯಲ್ಲಿ ಅವರ ಸರದಿ ಬಂದಾಗ ಹಿರಿಯರು ಸಂಘಟಕರನ್ನು ಕರೆದು ಏನೋ ಮಾತಾಡತೊಡಗಿದರು. ನನಗೆ ದನಿ ಒಡೆದದ್ದಕ್ಕಿಂತ ಇದು ಹೆಚ್ಚು ನೋವಾಯಿತು. ಕ್ಯಾಸೆಟ್ಟಿನಲ್ಲಿ ಪಿಟೀಲಿನವರ ಪ್ರತಿ ಒಳ್ಳೆ ಹಿಡಿತಕ್ಕೂ ‘ಆಹಾ’ ಅನ್ನುತ್ತಿದ್ದವರು ಇವರೇ.

ಮೂರನೆಯದು ಮಾತು. ತೋಡಿಗೆ ಆಲಾಪನೆ ಐದು ನಿಮಿಷವೂ ಇರಲಿಲ್ಲ. ಅದರ ಹಿಂದಿನ ಕಥೆ, ಯಾರು ಮೆಚ್ಚಿದರು, ಯಾವ ದೇಶದಲ್ಲಿ ಯಾವ ಮಂತ್ರಿ ಎದ್ದು ನಿಂತರು ಎನ್ನುವುದು ಹದಿನೈದು ನಿಮಿಷ. ನಡುವೆ ಸನ್ಮಾನ. ಶಾಲು, ಹಾರ, ಫಲಕ, ನಾಲ್ಕು ಭಾಷಣ. ಬಿಸಿಯಾಗಿದ್ದ ಅಷ್ಟಿಷ್ಟು ಕಂಠವೂ ಅಷ್ಟರಲ್ಲಿ ಆರಿಹೋಗಿತ್ತು. ಮೈಕಿನವರು ಅದನ್ನು ಮುಚ್ಚಲು ಎಕೋ ಏರಿಸಿದರು. ತೋಡಿಯ ಕಂಪಿತ ಗಾಂಧಾರಕ್ಕೆ ಎಕೋ ಹಾಕಿದರೆ ಏನಾಗುತ್ತದೆ ಅಂತ ಬರೆದು ತಿಳಿಸುವುದು ಕಷ್ಟ. ತುಂಬಿದ ಕೊಡವನ್ನು ಕುಲುಕಿದಂತೆ ಅನ್ನಿ.

ಆದರೆ ಆ ಸಂಜೆಯಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಸನ್ಮಾನ ಮುಗಿದ ಮೇಲೆ, ಜನ ಇನ್ನೂ ಎದ್ದು ಕೂತು ಮಾಡುತ್ತಿದ್ದಾಗ, ಅವರು ಕಣ್ಣು ಮುಚ್ಚಿ ಮುಖಾರಿಯಲ್ಲಿ ಕ್ಷೇತ್ರಯ್ಯನ ಒಂದು ಪದ ಎತ್ತಿಕೊಂಡರು. ಕ್ಷೇತ್ರಯ್ಯ ಇದೇ ಕೃಷ್ಣಾ ತೀರದ ಮೊವ್ವದವನು ಎನ್ನುತ್ತಾರೆ. ಪದ ಅಂದರೆ ವಿಳಂಬ ಕಾಲ, ಮೇಲಕ್ಕೆ ಹಾರುವ ಗೋಜಿಲ್ಲ, ಒಂದೊಂದು ಮಾತಿನ ಮೇಲೂ ನಿಂತು ಹೋಗಬಹುದು. ಉಸಿರು ಗಿಡ್ಡವಾಗಿದ್ದರೆ ಸಾಲಿನ ನಡುವೆ ನಿಲ್ಲಬೇಕಾಗುತ್ತದೆ. ಅವರು ನಿಂತರು, ಆ ನಿಲುಗಡೆ ನಾಯಕಿಯ ಅಳುಕಿನಂತೆಯೇ ಕೇಳಿಸಿತು. ಒಡಕು ದನಿ ಅಲ್ಲಿ ಒಡಕಾಗಿ ಕಾಣಲಿಲ್ಲ. ನಲವತ್ತರ ವಯಸ್ಸಿನಲ್ಲಿ ಅವರು ಆ ಪದವನ್ನು ಹಾಗೆ ಹಾಡಲು ಸಾಧ್ಯವೇ ಇರಲಿಲ್ಲ ಅಂತ ಖಂಡಿತವಾಗಿ ಹೇಳುತ್ತೇನೆ. ಆರೇಳು ನಿಮಿಷ ಅಷ್ಟೇ. ಮುಗಿದಾಗ ಚಪ್ಪಾಳೆ ಅಲ್ಲೊಂದು ಇಲ್ಲೊಂದು. ಮುಂದಿನ ಸಾಲಿನಿಂದ ಚೀಟಿಗಳು ಬಂದವು. ಒಂದು ಚೀಟಿ ಓದಿ ಅವರ ಮುಖ ಅರಳಿತು, ಹಳೆಯ ಹೆಸರುವಾಸಿ ಹಾಡು ಶುರುವಾಯಿತು, ಮತ್ತೆ ಕೈ ಮೇಲಕ್ಕೆ.

ಹೊರಗೆ ಬಂದ ಮೇಲೆ ನನ್ನ ಹೆಂಡತಿ, “ರೀ, ಅವರಿಗೆ ಹಾಡೋಕೆ ಬರುತ್ತೆ ಅಂತ ಅವರಿಗೇ ಯಾರಾದ್ರೂ ಹೇಳಬಾರದಾ?” ಅಂದಳು. ಮಾರನೆ ಬೆಳಿಗ್ಗೆ ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ವಾಪಸು ಬರುವಾಗ ಏಲೂರು, ರಾಜಮಂಡ್ರಿ, ತುನಿ ದಾಟುವವರೆಗೂ ನಾನು ಆ ಮಾತನ್ನೇ ತಿರುವಿಹಾಕುತ್ತಿದ್ದೆ. ನನಗೆ ನಿರಾಸೆಯಾದದ್ದು ನಿಜ. ಆದರೆ ಯಾವುದರ ಬಗ್ಗೆ? ಕಂಠ ಹೋದದ್ದಕ್ಕೋ, ಉಳಿದಿದ್ದ ಕಂಠವನ್ನು ಬಳಸದೆ ಹೋದದ್ದಕ್ಕೋ? ಇವೆರಡನ್ನೂ ನಾವು ಒಂದೇ ಅಂತ ತಿಳಿಯುತ್ತೇವೆ. ಒಂದಲ್ಲ.

ಕಂಠ ಹೋಗುವುದು ದೇಹದ ಲೆಕ್ಕ. ಧ್ವನಿತಂತುಗಳ ಸ್ನಾಯು ವಯಸ್ಸಿನೊಂದಿಗೆ ತೆಳುವಾಗುತ್ತದೆ, ಪದರಗಳು ಬಿಗಿಯಾಗುತ್ತವೆ. ಎರಡೂ ತಂತುಗಳು ಪೂರ್ತಿ ಕೂಡಿಕೊಳ್ಳದೆ ನಡುವೆ ಗಾಳಿ ಸೋರುತ್ತದೆ. ಎದೆಗೂಡು ಗಡುಸಾಗಿ ಉಸಿರಿನ ದಾಸ್ತಾನು ಕಡಿಮೆಯಾಗುತ್ತದೆ. ಮೇಲಿನ ಸ್ಥಾಯಿಯಲ್ಲಿ ನಿಲ್ಲುವುದು, ವೇಗದ ಬಿರ್ಕಾ, ಉದ್ದದ ಅಕಾರ, ಇವು ಮೊದಲು ಕೈಬಿಡುತ್ತವೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಮೊಣಕಾಲು ನೋಯುವವರನ್ನು ಬೆಟ್ಟ ಹತ್ತಲಿಲ್ಲ ಅಂತ ಯಾರೂ ಬೈಯುವುದಿಲ್ಲ.

ನಮ್ಮ ಸಂಗೀತದಲ್ಲಿ ಇದಕ್ಕೆ ದಾರಿಗಳೂ ಇವೆ. ಶ್ರುತಿಯನ್ನು ಅರ್ಧ ಮನೆಯೋ ಒಂದು ಮನೆಯೋ ಇಳಿಸಬಹುದು. ಕಾಲಪ್ರಮಾಣ ತಗ್ಗಿಸಬಹುದು. ಶಿಷ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಲಿನ ಸಂಗತಿಗಳನ್ನು ಅವರಿಗೆ ಬಿಡಬಹುದು. ಮೂರು ಗಂಟೆಯ ಬದಲು ಒಂದು ಗಂಟೆ ಹಾಡಬಹುದು. ಪಾಶ್ಚಾತ್ಯರ ಆಪೆರಾ ಗಾಯಕನಿಗೆ ಈ ಸೌಕರ್ಯ ಇಷ್ಟಿಲ್ಲ. ಅವನ ಪಾತ್ರದ ಸ್ವರ ಕಾಗದದ ಮೇಲೆ ಬರೆದಾಗಿದೆ. ನಮ್ಮಲ್ಲಿ ಷಡ್ಜ ಎಲ್ಲಿ ಇರಬೇಕು ಅನ್ನುವುದನ್ನು ಹಾಡುವವರೇ ಗೊತ್ತುಮಾಡುತ್ತಾರೆ. ವಯಸ್ಸಾದವರೂ ವಾಸ ಮಾಡುವ ಹಾಗೆ ಕಟ್ಟಿದ ಮನೆ ಇದು.

ಈ ಮನೆಯಲ್ಲಿ ಚೆನ್ನಾಗಿ ಬಾಳಿದವರನ್ನು ನಾವು ಕನ್ನಡಿಗರು ಹತ್ತಿರದಿಂದ ಕಂಡಿದ್ದೇವೆ. ಗಂಗೂಬಾಯಿ ಹಾನಗಲ್ ಅವರ ಎಳೆಯ ವಯಸ್ಸಿನ ಗ್ರಾಮಫೋನ್ ತಟ್ಟೆಗಳಲ್ಲಿ ಇರುವುದು ಸಣ್ಣ, ತೀಕ್ಷ್ಣ ದನಿ. ಗಂಟಲ ಶಸ್ತ್ರಚಿಕಿತ್ಸೆಯ ನಂತರ ಅದು ಗಂಡಸಿನ ದನಿಯಷ್ಟು ದಪ್ಪವಾಯಿತು. ಹೋದ ದನಿಗಾಗಿ ಅಳುತ್ತಾ ಕೂರದೆ ಬಂದ ದನಿಯಲ್ಲೇ ಕಿರಾನಾ ಗಾಯಕಿಯನ್ನು ಕಟ್ಟಿದರು. ಮಗಳು ಕೃಷ್ಣಾ ಪಕ್ಕದಲ್ಲಿ ಕೂತು ದನಿಗೂಡಿಸುತ್ತಿದ್ದರು. 2006ರಲ್ಲಿ, 93ನೆಯ ವಯಸ್ಸಿನಲ್ಲಿ, ಕೊನೆಯ ಕಛೇರಿ ಮಾಡಿ ಮುಗಿಸಿದರು. ಮಲ್ಲಿಕಾರ್ಜುನ ಮನಸೂರರ ಕಥೆ ಇನ್ನೊಂದು ಥರ. ದೇಶಕ್ಕೆ ಅವರು ಗೊತ್ತಾದದ್ದೇ ಐವತ್ತು ದಾಟಿದ ಮೇಲೆ. ಅವರ ಅತ್ಯುತ್ತಮ ಅಂತ ನಾವು ಎತ್ತಿಟ್ಟುಕೊಳ್ಳುವ ಧ್ವನಿಮುದ್ರಣಗಳಲ್ಲಿ ಬಹುಪಾಲು ಮುದುಕನ ದನಿಯೇ. ಚೆನ್ನೈ ಕಡೆ ನೋಡಿದರೆ ಶೆಮ್ಮಂಗುಡಿ ಶ್ರೀನಿವಾಸ ಅಯ್ಯರ್. ಅವರಿಗೆ ಯೌವನದಲ್ಲೇ ಮಾತು ಕೇಳದ ಕಂಠ. ಅದರ ಜತೆ ಜಗಳವಾಡಿಕೊಂಡೇ ಬೆಳೆದವರಾದ್ದರಿಂದ ತೊಂಬತ್ತರ ಅಂಚಿನಲ್ಲೂ ಜಗಳ ಹೊಸದೇನೂ ಆಗಿರಲಿಲ್ಲ.

ನಿಲ್ಲಿಸಿದವರೂ ಇದ್ದಾರೆ. 1997ರಲ್ಲಿ ಪತಿ ಸದಾಶಿವಂ ತೀರಿಕೊಂಡ ಮೇಲೆ ಎಂ.ಎಸ್. ಸುಬ್ಬುಲಕ್ಷ್ಮಿ ಸಾರ್ವಜನಿಕ ಕಛೇರಿ ಬಿಟ್ಟರು. ಎಸ್. ಜಾನಕಿ 2016ರಲ್ಲಿ ನಿವೃತ್ತಿ ಹೇಳಿ, 2017ರ ಅಕ್ಟೋಬರಿನಲ್ಲಿ ಮೈಸೂರಿನಲ್ಲಿ ವಿದಾಯದ ಕಛೇರಿ ನಡೆಸಿದರು. ಹುಟ್ಟಿದ ಗುಂಟೂರು ಬಿಟ್ಟು ವಿದಾಯಕ್ಕೆ ಅವರು ನಮ್ಮ ಮೈಸೂರನ್ನು ಆರಿಸಿಕೊಂಡರಲ್ಲ, ಅದನ್ನು ಇಲ್ಲಿಯ ತೆಲುಗು ಮಿತ್ರರ ಎದುರು ನಾನು ಆಗಾಗ ಜಂಬದಿಂದ ಹೇಳುವುದುಂಟು.

ಇನ್ನು ಬಾಲಮುರಳಿ. ಅವರು 2016ರ ನವೆಂಬರ್ 22ರಂದು 86ನೆಯ ವಯಸ್ಸಿನಲ್ಲಿ ಚೆನ್ನೈಯಲ್ಲಿ ತೀರಿಕೊಂಡರು. ಕೊನೆಕೊನೆಯ ವರ್ಷಗಳ ಕಛೇರಿಗಳ ಧ್ವನಿಮುದ್ರಣಗಳನ್ನು ಈಗ ಮನೆಯಲ್ಲೇ ಕೂತು ಕೇಳಬಹುದು. ನಾನು ಅವನ್ನು ‘ಹಂಸಗೀತೆ’ಯ ಪಕ್ಕದಲ್ಲಿ ಇಟ್ಟು ಕೇಳಿದ್ದೇನೆ. ಮೂರು ಸ್ಥಾಯಿಯಲ್ಲಿ ಸರಾಗವಾಗಿ ಓಡಾಡುತ್ತಿದ್ದ ಆ ದನಿ ಅಲ್ಲಿಲ್ಲ. ಉಸಿರು ಗಿಡ್ಡ, ಮೇಲೆ ಹೋದರೂ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಮಂದ್ರಕ್ಕೆ ಇಳಿದಾಗ ಹಳೆಯ ಬೆಲ್ಲದ ಪಾಕ ತಳದಲ್ಲಿ ಇನ್ನೂ ಇದೆ. ಮಾತುಗಳನ್ನು ಒತ್ತಿ, ಬಿಟ್ಟು, ಆಟವಾಡಿಸುವ ತುಂಟತನವೂ ಇದೆ. ಇದಕ್ಕೆ ಕಾರಣ ಬರೀ ಸ್ವಭಾವವಲ್ಲ. ಹದಿನೈದರ ಹುಡುಗನಾಗಿದ್ದಾಗಲೇ 72 ಮೇಳಕರ್ತಗಳನ್ನೂ ಕರಗತ ಮಾಡಿಕೊಂಡು ಎಲ್ಲಕ್ಕೂ ಕೃತಿ ಕಟ್ಟಿದವರು ಅವರು. ‘ಜನಕರಾಗ ಮಂಜರಿ’ ಎಂದು 1952ರಲ್ಲಿ ಅಚ್ಚಾಯಿತು. ಪಿಟೀಲು, ವಯೋಲ, ಮೃದಂಗ, ಖಂಜಿರ ಎಲ್ಲ ನುಡಿಸುತ್ತಿದ್ದರು. ಕಂಠ ಒಂದೇ ಅವರ ಬಂಡವಾಳವಾಗಿರಲಿಲ್ಲ. ಹಾಗಂತ ಅವರ ಉತ್ತುಂಗದ ದಿನಗಳಲ್ಲಿ ದೂರು ಇರಲಿಲ್ಲ ಅಂತಲ್ಲ. ಮೂರು ನಾಲ್ಕು ಸ್ವರಗಳ ರಾಗಗಳನ್ನು ತಾವೇ ಸೃಷ್ಟಿಸಿದ್ದು ಅಂದಾಗ ವೀಣೆ ಎಸ್. ಬಾಲಚಂದರ್ ದೊಡ್ಡ ಯುದ್ಧವನ್ನೇ ಹೂಡಿದ್ದರು. ‘ಗಿಮಿಕ್ಕು’ ಅನ್ನುವ ಮಾತು ಕಂಠ ಚೆನ್ನಾಗಿದ್ದಾಗಲೂ ಕೇಳಿಬಂದಿತ್ತು. ಆದ್ದರಿಂದ ‘ಆಗ ಎಲ್ಲ ಸರಿಯಾಗಿತ್ತು, ಈಗ ಕೆಟ್ಟಿತು’ ಎನ್ನುವವರು ಆಗಿನ ಪತ್ರಿಕೆಗಳನ್ನು ಒಮ್ಮೆ ತಿರುವಿಹಾಕುವುದು ಒಳ್ಳೆಯದು.

ಇಲ್ಲಿ ‘ಹಂಸಗೀತೆ’ಯ ಕಥೆಯೇ ಒಂದು ತೊಡಕು ತಂದಿಡುತ್ತದೆ. ಭೈರವಿ ವೆಂಕಟಸುಬ್ಬಯ್ಯ ಕೊನೆಗೆ ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ದುರ್ಗದಲ್ಲಿ ನಾವು ಅದನ್ನು ಕಣ್ಣೀರು ಹಾಕಿಕೊಂಡು ನೋಡಿದೆವು. ಹಾಡು ಶಿಖರದಲ್ಲಿದ್ದಾಗಲೇ ನಿಂತುಹೋದರೆ ಅದು ಎಂದೆಂದಿಗೂ ಶಿಖರದಲ್ಲೇ ಉಳಿಯುತ್ತದೆ. ಹೆಸರೂ ಅಂಥದೇ. ಸಾಯುವ ಮುನ್ನ ಹಂಸ ಎಲ್ಲಕ್ಕಿಂತ ಚೆನ್ನಾಗಿ ಹಾಡುತ್ತದೆ ಎಂಬ ಗ್ರೀಕರ ಕಾಲದ ನಂಬಿಕೆ. ಪಕ್ಷಿಶಾಸ್ತ್ರದವರನ್ನು ಕೇಳಿದರೆ ಹಂಸ ಹಾಗೇನೂ ಮಾಡುವುದಿಲ್ಲ. ಆದರೆ ಅಭಿಮಾನಿಯ ಮನಸ್ಸು ಆ ಕಥೆಯನ್ನು ಬಿಡಲೊಲ್ಲದು. ಒಂದೋ ಕೊನೆಯ ಹಾಡು ಅತ್ಯುತ್ತಮವಾಗಿರಬೇಕು, ಇಲ್ಲವೇ ಅದಕ್ಕೆ ಮೊದಲೇ ನಾಲಿಗೆ ಕತ್ತರಿಸಿಕೊಳ್ಳಬೇಕು. ‘ಇವರು ಹತ್ತು ವರ್ಷ ಮೊದಲೇ ನಿಲ್ಲಿಸಬೇಕಿತ್ತು ಕಣ್ರೀ’ ಅಂತ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಹೇಳುವವರು ಕೇಳುತ್ತಿರುವುದು ಅದನ್ನೇ. ಎಂಟರ ವಯಸ್ಸಿನಿಂದ ದಿನಾ ಬೆಳಿಗ್ಗೆ ಎದ್ದು ತಂಬೂರಿ ಮೀಟಿದ ಮನುಷ್ಯನಿಗೆ ಹಾಡು ನಿಲ್ಲಿಸು ಅನ್ನುವುದು ಉಸಿರು ನಿಲ್ಲಿಸು ಅಂದಷ್ಟೇ. ಅದೂ ಅಲ್ಲದೆ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನಿಗೆ ನಿವೃತ್ತಿಯ ದಿನ ಗ್ರ್ಯಾಚುಯಿಟಿ ಬರುತ್ತದೆ. ಪಕ್ಕವಾದ್ಯದವರಿಗೂ ಮನೆಮಂದಿಗೂ ಕಛೇರಿಯ ದುಡ್ಡೇ ಆಧಾರವಾಗಿರುವ ವಿದ್ವಾಂಸರಿಗೆ ಅದು ಎಲ್ಲಿಂದ?

ಪಕ್ಕದ ಮನೆಯ ಮೇಷ್ಟ್ರ ವಾದ ಬೇರೆ. ವಿಜಯವಾಡದಿಂದ ಬಂದ ವಾರ ಅವರ ಹತ್ತಿರ ಎಲ್ಲ ಹೇಳಿದೆ. ವಿಜಯನಗರಂನ ಮಹಾರಾಜರ ಸಂಗೀತ ಕಾಲೇಜಿನ ಬೀದಿಯಲ್ಲಿ ಬೆಳೆದವರು, ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರ ಪಿಟೀಲಿನ ಹೆಸರು ಹೇಳಿದರೆ ಈಗಲೂ ಕೈಮುಗಿಯುವವರು.

“ನೀವು ಹೋದದ್ದು ಕಛೇರಿಗೆ ಅಂದುಕೊಂಡಿರಾ? ಆ ವಯಸ್ಸಿನವರ ಹತ್ತಿರ ಹೋಗುವುದು ದರ್ಶನಕ್ಕೆ. ಸಿಂಹಾಚಲಂ ಬೆಟ್ಟ ಹತ್ತಿ ಅಪ್ಪನ್ನ ಸ್ವಾಮಿ ಇವತ್ತು ಸರಿಯಾಗಿ ಕಾಣಲಿಲ್ಲ ಅಂತ ಬಂದು ಹೇಳುತ್ತೀರಾ?”

“ಮಾಸ್ಟಾರು ಗಾರು, ದರ್ಶನಕ್ಕಾದರೆ ಅವರ ಮನೆಗೇ ಹೋಗಿ ಕಾಲಿಗೆ ಬಿದ್ದು ಬರುತ್ತಿದ್ದೆ. ಅವರು ತಂಬೂರಿಗೆ ಶ್ರುತಿ ಮಾಡಿಸಿದ್ದರಲ್ಲ.”

ಅವರು ನಕ್ಕರು. ಒಪ್ಪಲಿಲ್ಲ. ನಾನೂ ಒಪ್ಪಿಲ್ಲ. ಶ್ರುತಿ ಕೂಡಿಸಿದ ಮೇಲೆ ಅಲ್ಲಿ ಇರುವುದು ಸಂಗೀತ, ಅದಕ್ಕೆ ಕೇಳುವವನ ಕಿವಿಯನ್ನು ಒಪ್ಪಿಸಬೇಕು. ಹಿರಿಯರು ಅಂತ ಎಲ್ಲಕ್ಕೂ ತಲೆದೂಗಿದರೆ ಅದು ಗೌರವದಂತೆ ಕಾಣುತ್ತದೆ, ಆದರೆ ಅದರ ಫಲ ಬೇರೆಯೇ. ಕೈ ಎತ್ತಿದ್ದಕ್ಕೂ ಮುಖಾರಿಗೂ ಒಂದೇ ಚಪ್ಪಾಳೆ ಬಿದ್ದರೆ, ಎರಡರಲ್ಲಿ ಯಾವುದು ಸಂಗೀತ ಎಂದು ಹಾಡುವವರಿಗೆ ತಿಳಿಸುವವರೇ ಇಲ್ಲವಾಗುತ್ತಾರೆ. ಆ ಸಂಜೆಯಂತೂ ಕೈಗೇ ಹೆಚ್ಚು ಬಿತ್ತು. ಇನ್ನೂ ಏನು ಉಳಿದಿದೆ ಅಂತ ಅವರು ಹುಡುಕಿಕೊಳ್ಳಲು ನೆರವಾಗಬೇಕಿದ್ದ ಸಭೆ, ಏನು ಹೋಯಿತೋ ಅದನ್ನೇ ಚೀಟಿ ಬರೆದು ಕೇಳಿತು.

ಯಾಕೆ ಕೇಳಿತು ಅನ್ನುವುದು ನಮ್ಮಂಥ ಊರು ಬಿಟ್ಟವರಿಗೆ ಬೇಗ ಅರ್ಥವಾಗುತ್ತದೆ. ಆ ಹಾಲಿನಲ್ಲಿದ್ದವರಲ್ಲಿ ಹೆಚ್ಚಿನವರು ನನ್ನ ವಯಸ್ಸಿನವರು. ಹೊರಗಡೆ ವಿಜಯವಾಡ ಗುರುತು ಸಿಗದಷ್ಟು ಬೆಳೆದಿತ್ತು. ಅವರಿಗೆ ಬೇಕಾಗಿದ್ದದ್ದು ರೇಡಿಯೋ ಮುಂದೆ ಅಪ್ಪ ಅಮ್ಮನ ಜತೆ ಕೂತು ಕೇಳಿದ ಆ ಹಾಡು, ಆ ದನಿಯಲ್ಲಿ, ಆ ಶ್ರುತಿಯಲ್ಲಿ. ನಾನು ರಜೆಗೆ ಚಿತ್ರದುರ್ಗಕ್ಕೆ ಹೋದಾಗ ಸಂತೇಪೇಟೆಯಲ್ಲಿ ನಿಂತು ಹಳೆಯ ಅಂಗಡಿಗಳನ್ನು ಹುಡುಕುವುದೂ ಇದೇ ಕೆಲಸ. ಊರಿನಲ್ಲೇ ಇರುವ ತಮ್ಮನಿಗೆ ಇದು ವಿಚಿತ್ರವಾಗಿ ಕಾಣುತ್ತದೆ. “ಅಣ್ಣಾ, ನೀನು ನೋಡ್ತಿರೋ ಊರು ಇಲ್ಲಿಲ್ಲ, ಈಗಿರೋ ಊರು ನೀನು ನೋಡ್ತಾನೇ ಇಲ್ಲ” ಅನ್ನುತ್ತಾನೆ. ದಿನಾ ಜತೆಗಿದ್ದವರಿಗೆ ಊರಿನ ಮುಪ್ಪೂ ಗೊತ್ತಾಗುವುದಿಲ್ಲ, ಹಾಡುವವರ ಮುಪ್ಪೂ ಗೊತ್ತಾಗುವುದಿಲ್ಲ. ವರ್ಷವರ್ಷವೂ ಕಛೇರಿ ಕೇಳಿದ ಚೆನ್ನೈಯವರಿಗೆ ಆ ಗಾಯಕರ ದನಿ ಸ್ವಲ್ಪಸ್ವಲ್ಪವೇ ಇಳಿದಿರುತ್ತದೆ, ಜತೆಜತೆಗೆ ಅವರ ಕಿವಿಯೂ ಇಳಿದು ಬಂದಿರುತ್ತದೆ. ಕ್ಯಾಸೆಟ್ಟಿನಿಂದ ನೇರ ಸಭಾಂಗಣಕ್ಕೆ ಹೋದವರಿಗೆ ಮೂವತ್ತು ವರ್ಷ ಒಂದೇ ಸಂಜೆ ಮೈಮೇಲೆ ಬೀಳುತ್ತದೆ. ದೂರದಲ್ಲಿರುವವರ ನಿರಾಸೆ ಅದಕ್ಕೇ ಅಷ್ಟು ತೀವ್ರ. ತೀವ್ರವಾದಷ್ಟೂ ಅದು ವಿಮರ್ಶೆ ಅಂತ ತಿಳಿದುಕೊಳ್ಳುವ ಅಪಾಯವೂ ಜಾಸ್ತಿ. ಮೂವತ್ತು ವರ್ಷ ಮೈಮೇಲೆ ಬಿದ್ದ ಭಾರವನ್ನು ಮೊದಲು ಪಕ್ಕಕ್ಕಿಟ್ಟು, ಆಮೇಲೆ ಇವತ್ತಿನ ಹಾಡನ್ನು ತೂಗಬೇಕು.

ಹಾಗೆ ತೂಗಿದರೆ ನನ್ನ ತೀರ್ಮಾನ ಇಷ್ಟು. ಆ ಸಂಜೆಯ ಸೋಲಿಗೆ ವಯಸ್ಸು ಕಾರಣವಲ್ಲ. ಮುಖಾರಿಯೇ ಅದಕ್ಕೆ ಸಾಕ್ಷಿ. ಹೋದ ದನಿಯನ್ನು ಇನ್ನೂ ಇದೆ ಎಂಬಂತೆ ನಟಿಸಿದ್ದು, ಪಕ್ಕದಲ್ಲಿ ಇದ್ದ ಸಂಗೀತಕ್ಕೆ ಕಿವಿ ಕೊಡದೆ ಹೋದದ್ದು, ಇವು ಗಾಯಕರ ಪಾಲಿನ ದೋಷ. ದೊಡ್ಡವರು ಎಂಬ ಕಾರಣಕ್ಕೆ ಅದನ್ನು ಮುಚ್ಚಿಡಬೇಕಿಲ್ಲ. ಹಾಗೆ ನಟಿಸದೆ ಬೇರೆ ದಾರಿಯೇ ಇಲ್ಲದಂತೆ ಮಾಡಿದ್ದು ನಮ್ಮ ಸಭೆಗಳ ಪಾಲು. ಸಾವಿರ ಜನರ ಹಾಲಿನ ಬದಲು ಇನ್ನೂರು ಜನರ ಒಂದು ಕೋಣೆ, ಎಕೋ ಇಲ್ಲದ ಒಂದು ಮೈಕು, ಪಕ್ಕದಲ್ಲಿ ಇಬ್ಬರು ಶಿಷ್ಯರು, ಒಂದು ಗಂಟೆ, ಮಂಗಳದ ನಂತರ ಬೇಕಾದರೆ ಸನ್ಮಾನ. ಇದಕ್ಕೆ ಖರ್ಚೇನೂ ಹೆಚ್ಚಿಲ್ಲ. ವಿಶಾಖಪಟ್ಟಣದ ಕಲಾಭಾರತಿಯಲ್ಲೋ, ಬೆಂಗಳೂರಿನ ರಾಮೋತ್ಸವದ ಪೆಂಡಾಲಿನಲ್ಲೋ, ನಮ್ಮೂರಿನ ಮಠದ ಅಂಗಳದಲ್ಲೋ ವಯಸ್ಸಾದ ವಿದ್ವಾಂಸರನ್ನು ಕರೆಸುವವರು ಇಷ್ಟು ಯೋಚಿಸಿದರೆ, ನಿರಾಸೆಯ ಅರ್ಧ ಪಾಲು ಅಲ್ಲೇ ತಪ್ಪುತ್ತದೆ. ಶ್ರುತಿ ಇಳಿಸಿದರೆ ಮರ್ಯಾದೆ ಇಳಿಯುವುದಿಲ್ಲ ಎಂದು ಹಾಡುವವರಿಗೆ ಧೈರ್ಯ ಹೇಳುವ ಕೆಲಸ ಮಾತ್ರ ಕೇಳುಗರದು. ಅದನ್ನು ಬಾಯಲ್ಲಿ ಹೇಳಬೇಕಿಲ್ಲ. ಯಾವುದಕ್ಕೆ ಚಪ್ಪಾಳೆ ಹೊಡೆಯುತ್ತೇವೆ, ಯಾವುದಕ್ಕೆ ಹೊಡೆಯುವುದಿಲ್ಲ ಎನ್ನುವುದರಿಂದಲೇ ಅವರಿಗೆ ತಿಳಿಯುತ್ತದೆ.

ಅವರ ತೋಡಿ ಈಗಲೂ ನನ್ನ ಹತ್ತಿರ ಇದೆ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಫೋನು ಬಂತು, ಮೂರನೇ ಸಂಗತಿಯ ನಂತರದ ಆ ಉಸಿರು ಮಾತ್ರ ಇದ್ದಲ್ಲೇ ಇದೆ. ಮುಖಾರಿ ನನ್ನ ಹತ್ತಿರ ಇಲ್ಲ. ಆ ಸಂಜೆ ಯಾರೂ ಅದನ್ನು ರೆಕಾರ್ಡು ಮಾಡಿದಂತೆ ಕಾಣಲಿಲ್ಲ, ಎಲ್ಲರೂ ಫೋನು ಎತ್ತಿದ್ದು ಚೀಟಿಯ ಹಾಡಿಗೆ. ಆ ಆರೇಳು ನಿಮಿಷ ಮತ್ತೆ ಬೇಕೆಂದರೆ ಅವರು ಹಾಡುವ ಕಡೆಗೇ ಹೋಗಬೇಕು. ಹೆಂಡತಿ ಈಗಲೇ ಹೇಳಿಟ್ಟಿದ್ದಾಳೆ, ಮುಂದಿನ ಸಲ ಬಂದರೆ ಹೋಗೋಣ, ಮುಂದಿನ ಸಾಲಿನಲ್ಲೇ ಕೂರೋಣ ಅಂತ.